ಮನೆಯ ಗಣಕಯಂತ್ರಕ್ಕೆ ತಂತಿಯೋ, ನಿಸ್ತಂತುವೋ?

ಗಣಕಯಂತ್ರವು ಕೇವಲ ಕಚೇರಿ, ಬ್ಯಾಂಕುಗಳ ಸೊತ್ತಾಗಿದ್ದ ಕಾಲವು ಹಿಂದಾಯಿತು. 2020ರ ಮಾರ್ಚಿನಲ್ಲಿ ಶಾಲೆಗಳ ಬಾಗಿಲು ಮುಚ್ಚಿದ ಮೇಲಂತೂ ಪಾಠ, ಪರೀಕ್ಷೆ, ನೌಕರಿಗಳೆಲ್ಲ ಮನೆಯೊಳಗೇ ಬಂದು ನೆಲೆಸಿದವು. ಮಕ್ಕಳ ವಿದ್ಯಾಭ್ಯಾಸ, ಹಿರಿಯರ ಪಿಂಚಣಿಯ ಕಾಗದಪತ್ರ, ಸೊಸೆಯಂದಿರ ಉದ್ಯೋಗ ಇವೆಲ್ಲವೂ ಇಂದು ಅಂತರ್ಜಾಲದ ಒಂದೆಳೆಯನ್ನು ನೆಚ್ಚಿಕೊಂಡಿವೆ. ಹೊಸ್ತಿಲವರೆಗೆ ಬಂದ ಆ ಎಳೆಯನ್ನು ಯಂತ್ರಕ್ಕೆ ಮುಟ್ಟಿಸುವುದು ತಂತಿಯ ಮೂಲಕವೋ ಗಾಳಿಯ ಮೂಲಕವೋ ಎಂದು ಅನೇಕ ಗೃಹಸ್ಥರು ನಮ್ಮಲ್ಲಿ ವಿಚಾರಿಸುವುದುಂಟು. ಅದಕ್ಕಾಗಿ ಈ ಬರಹ.

ತಂತಿಯದು ಹಳೆಯ ಪದ್ಧತಿ, ನಿಸ್ತಂತು ಹೊಸದು ಎಂಬ ಭಾವನೆ ಜನರಲ್ಲಿದೆ. ಚರಿತ್ರೆಯನ್ನು ನೋಡಿದರೆ ವಿಷಯ ಬೇರೆಯೇ ಇದೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು ದ್ವೀಪಗಳ ನಡುವೆ ರೇಡಿಯೋ ಅಲೆಗಳಿಂದ ಗಣಕಯಂತ್ರಗಳನ್ನು ಜೋಡಿಸಿದರು. ಆ ಉಪಾಯದಿಂದಲೇ ಸ್ಫೂರ್ತಿ ಪಡೆದು 1973ರಲ್ಲಿ ರಾಬರ್ಟ್ ಮೆಟ್ಕಾಫ್ ಎಂಬವರು ಅಮೆರಿಕೆಯ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ತಂತಿಯ ಜೋಡಣೆಯನ್ನು ಯೋಜಿಸಿ, ಅದಕ್ಕೆ ‘ಈಥರ್‌ನೆಟ್’ ಎಂದು ಹೆಸರಿಟ್ಟರು. ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ಬೆಳಕಿನ ಅಲೆಗಳಿಗೆ ಆಧಾರವೆಂದು ಕಲ್ಪಿಸಿ, ಮುಂದೆ ಕೈಬಿಟ್ಟ ವಸ್ತುವೇ ಈಥರ್. ನಮ್ಮ ವೈಶೇಷಿಕರು ಶಬ್ದವು ಆಕಾಶದ ಗುಣವೆಂದು ಹೇಳಿದುದು ಇಲ್ಲಿ ನೆನಪಿಗೆ ಬರುತ್ತದೆ. ತಂತಿಗೆ ಆಕಾಶದ ಹೆಸರು! ಇಂದಿನ ವೈಫೈ ಪದ್ಧತಿಯ ನಿಯಮಗಳು ಪ್ರಕಟವಾದುದು 1997ರಲ್ಲಿ. ಅದು ಬಳಸುವ 2.4 ಗಿಗಾಹರ್ಟ್ಸ್ ಅಲೆಗಳಿಗೆ ನಮ್ಮ ದೇಶದಲ್ಲಿ ಪರವಾನಗಿ ಬೇಕಿಲ್ಲವೆಂದಾದುದು 2005ರಲ್ಲಿ.

ಎರಡರ ನಡುವಿನ ಭೇದವನ್ನು ಅರಿಯಲು ಸಂತೆಯನ್ನು ನೆನೆಸಿಕೊಂಡರೆ ಸಾಕು. ಗಾಳಿಯು ಎಲ್ಲರ ಸೊತ್ತು. ಒಂದು ರೂಟರಿನ ಒಂದು ಚಾನೆಲ್ಲಿನಲ್ಲಿ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಉಪಕರಣ ಮಾತಾಡಬಹುದು. ಉಳಿದವು ಕೇಳಿಸಿಕೊಳ್ಳುತ್ತ ತಮ್ಮ ಸರದಿಗಾಗಿ ಕಾಯತಕ್ಕದ್ದು. ನೆರೆಮನೆಯ ರೂಟರೂ ಅದೇ ಚಾನೆಲ್ಲಿನಲ್ಲಿದ್ದರೆ ಅದಕ್ಕೂ ಸರದಿ ಬಿಡಬೇಕು. ಅಡಿಗೆಮನೆಯ ಮೈಕ್ರೋವೇವ್ ಒಲೆ ಇದೇ 2.4ರ ಆಸುಪಾಸಿನಲ್ಲಿಯೇ ಕೆಲಸ ಮಾಡುವುದರಿಂದ ಅದೂ ನಡುವೆ ಗದ್ದಲ ಹಾಕುತ್ತದೆ. 5 ಗಿಗಾಹರ್ಟ್ಸ್ ಅಲೆಗಳಲ್ಲಿ ಈ ಗದ್ದಲ ಕಡಿಮೆ, ವೇಗವೂ ಹೆಚ್ಚು. ಆದರೆ ಗೋಡೆ ದಾಟುವ ಶಕ್ತಿ ಅವಕ್ಕೆ ಇನ್ನೂ ಕಡಿಮೆ. ಲ್ಯಾನ್ ಕೇಬಲ್ಲಿನೊಳಗಾದರೋ ಎಂಟು ತಾಮ್ರದ ಎಳೆಗಳು ಎರಡೆರಡಾಗಿ ಹುರಿಗೊಂಡು ನಾಲ್ಕು ಜೋಡಿಗಳಾಗಿರುತ್ತವೆ. ಹಾಗೆ ಹುರಿ ಹಾಕುವುದರಿಂದ ಹೊರಗಿನ ಗದ್ದಲವು ಎರಡೂ ಎಳೆಗಳ ಮೇಲೆ ಸಮನಾಗಿ ಬಿದ್ದು ಪರಸ್ಪರ ವಜಾ ಆಗುತ್ತದೆ. ಅಲ್ಲಿ ಹೋಗುವ ಮಾತು, ಬರುವ ಮಾತು ಏಕಕಾಲಕ್ಕೆ ನಡೆಯುತ್ತವೆ. ಸರದಿಯ ಪ್ರಶ್ನೆಯೇ ಇಲ್ಲ.

ಬಾಗಲಕೋಟೆ ಸೀಮೆಯ ಒಂದು ಕುಟುಂಬವನ್ನು ನಾವು ಬಲ್ಲೆವು. ಸೊಸೆ ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುವಾಕೆ. ರೂಟರು ಪಡಸಾಲೆಯಲ್ಲಿ, ಆಕೆಯ ಮೇಜು ಒಳಕೋಣೆಯಲ್ಲಿ. ನಡುವೆ ಅಜ್ಜನ ಕಾಲದ ಎರಡಡಿ ದಪ್ಪದ ಕಲ್ಲುಮಣ್ಣಿನ ಗೋಡೆ. ಸಭೆಯ ನಡುವೆ ಮಾತು ತುಂಡಾಗುತ್ತಿತ್ತು. ಹೀಗೆಯೇ ಮುಂದುವರಿದರೆ ಬೆಂಗಳೂರಿಗೇ ಬಂದಿರಬೇಕಾದೀತೆಂದು ಮೇಲಧಿಕಾರಿಗಳು ಎರಡು ಸಲ ತಿಳಿಸಿದ್ದರು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಎರಡನೆಯ ಇಯತ್ತೆಯ ಮಗು. ಆಕೆ ನೌಕರಿ ಬಿಡುವುದೊಂದೇ ದಾರಿ ಎಂಬಲ್ಲಿಗೆ ಮಾತು ಬಂದಿತ್ತು. ಅದಕ್ಕೆ ಮೊದಲು ಹೆಚ್ಚಿನ ವೇಗದ ಮಾಸಿಕ ಯೋಜನೆಗೆ ಹಣ ಕಟ್ಟಿ ನೋಡಿದರು, ಗುಣ ಕಾಣಲಿಲ್ಲ. ಕಾಣುವುದೂ ಸಾಧ್ಯವಿರಲಿಲ್ಲ. ವೀಡಿಯೋ ಸಭೆಗೆ ಕೆಲವೇ ಮೆಗಾಬಿಟ್ ವೇಗ ಸಾಕು. ಬೇಕಾದುದು ತಡೆಯಿಲ್ಲದ ಒಂದೇ ಸಮನಾದ ಹರಿವು.

ಗೋಡೆ ಕೊರೆಯಲು ಮಾವನವರು ಸುತರಾಂ ಒಪ್ಪಲಿಲ್ಲ. ಅವರ ಮಾತನ್ನು ಹಟವೆಂದು ತಳ್ಳಿಹಾಕುವಂತಿರಲಿಲ್ಲ. ಮಣ್ಣಿನ ಗೋಡೆಯಲ್ಲಿ ಯಂತ್ರ ಹಾಕಿ ಕೊರೆದರೆ ಎಲ್ಲಿ ಕಲ್ಲು ಸಡಿಲಾದೀತೆಂದು ಹೇಳಬರುವುದಿಲ್ಲ. ಕೊನೆಗೆ ಪರಿಚಿತ ಅಂಗಡಿಯಿಂದ ಇಪ್ಪತ್ತು ಮೀಟರಿನ ಕೇಬಲ್ಲನ್ನು ಎರವಲು ತಂದು, ಎರಡು ದಿನ ನೆಲದ ಮೇಲೆಯೇ ಹಾಸಿ ನೋಡಿದರು. ಸಭೆಗಳು ನಿರ್ವಿಘ್ನವಾಗಿ ನಡೆದವು. ಆ ಬಳಿಕ ವಿದ್ಯುತ್ ಕೆಲಸದವನೊಬ್ಬನು ಗೋಡೆಯನ್ನು ಮುಟ್ಟದೆ, ಮಾಳಿಗೆಯ ಬೆಳಕಿಂಡಿಯಿಂದ ಹಾಯಿಸಿ ಜಂತಿಯ ಗುಂಟ ಕೇಬಲ್ಲನ್ನು ಇಳಿಸಿಕೊಟ್ಟನು. ಸೊಸೆ ಇಂದಿಗೂ ಅದೇ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಾಳೆ.

ಹಣ ಹಾಕುವುದಕ್ಕೆ ಮುನ್ನ ಹೀಗೆ ಪರೀಕ್ಷಿಸಿ ನೋಡುವುದು ಎಲ್ಲರಿಗೂ ಹಿತ. ಗಣಕಯಂತ್ರದಲ್ಲಿ ‘ಪಿಂಗ್’ ಎಂಬ ಆಜ್ಞೆಯನ್ನು ಕೊಟ್ಟು, ರೂಟರಿನ ವಿಳಾಸವನ್ನು, ಅದು ಬಹಳಷ್ಟು ಮನೆಗಳಲ್ಲಿ 192.168.1.1 ಎಂದಿರುತ್ತದೆ, ಬರೆದರೆ ಉತ್ತರ ಬರಲು ಎಷ್ಟು ಮಿಲಿಸೆಕೆಂಡು ಹಿಡಿಯಿತೆಂದು ತೋರಿಸುತ್ತದೆ. ತಂತಿಯಲ್ಲಿ ಅದು 1ರ ಆಸುಪಾಸಿನಲ್ಲಿ ನಿಂತಿರುತ್ತದೆ. ನಿಸ್ತಂತುವಿನಲ್ಲಿ 3, 8, ಒಮ್ಮೆಲೇ 150 ಎಂದು ಹಾರಾಡತೊಡಗಿದರೆ ದೋಷವು ಮನೆಯೊಳಗಿನದು. ಇಲ್ಲಿ ಸರಿಯಿದ್ದೂ ಹೊರಗಿನ ತಾಣಗಳು ತೆರೆಯದಿದ್ದರೆ ದೋಷವು ಬೀದಿಯ ಕಡೆಯದು. ಮನೆತುಂಬ ತಂತಿ ಎಳೆದರೂ ಪ್ರಯೋಜನವಿಲ್ಲ.

ತಂತಿ ಕೊಳ್ಳುವಾಗ ‘ಕ್ಯಾಟ್ 6’ ಎಂದು ಕೇಳಿ ಪಡೆಯಬೇಕು. ಸೆಕೆಂಡಿಗೆ 1000 ಮೆಗಾಬಿಟ್ ವೇಗವನ್ನು ಅದು 100 ಮೀಟರುವರೆಗೂ ಒಯ್ಯುತ್ತದೆ. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಮಾಲು ಪೇಟೆಯಲ್ಲಿ ಹೇರಳವಾಗಿದೆ. ತುದಿಯನ್ನು ಕೆರೆದು ನೋಡಿದರೆ ಒಳಗಿನ ಬಿಳುಪು ಕಾಣುತ್ತದೆ. ಅದು ಬೇಡ. ಕರೆಂಟಿನ ವಾಯರುಗಳಿರುವ ಪೈಪಿನಲ್ಲಿಯೇ ಇದನ್ನು ತುರುಕಲೂ ಕೂಡದು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆಯುವುದು ಸಿಡಿಲನ್ನು ಮನೆಗೆ ಕರೆದಂತೆ. ಅಲ್ಲಿ ವಿದ್ಯುತ್ತು ಹರಿಯದ ಗಾಜಿನೆಳೆಯ ಫೈಬರ್ ಯೋಗ್ಯ, ಇಲ್ಲವೆ ನಿಸ್ತಂತುವೇ ಲೇಸು.

ಪಾಠ ಕೇಳುವುದು, ಪತ್ರಿಕೆ ಓದುವುದು, ಬಿಲ್ಲು ಕಟ್ಟುವುದು ಇಷ್ಟೇ ಇದ್ದು, ರೂಟರು ಅದೇ ಕೋಣೆಯಲ್ಲಿದ್ದರೆ ವೈಫೈ ಧಾರಾಳ ಸಾಕು. ತಂತಿಗೆಂದು ಒಂದು ರೂಪಾಯಿಯನ್ನೂ ವೆಚ್ಚ ಮಾಡಬೇಕಾಗಿಲ್ಲ. ಆದರೆ ರೂಟರನ್ನು ಟಿ.ವಿ.ಯ ಹಿಂದೆ, ಕಬ್ಬಿಣದ ಕಪಾಟಿನೊಳಗೆ ಇಡುವ ರೂಢಿಯನ್ನು ಬಿಟ್ಟು ಎತ್ತರದಲ್ಲಿ, ಮನೆಯ ನಡುಭಾಗದಲ್ಲಿ ಇಡಬೇಕು. ಗುಪ್ತಪದ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಪದ್ಧತಿಯದಾಗಿರಲಿ. ಅಲೆಗಳ ಅಂಜಿಕೆಯಿಂದ ತಂತಿ ಎಳೆಸುವವರಿಗೂ ಒಂದು ಮಾತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ರೇಡಿಯೋ ಅಲೆಗಳನ್ನು ‘ಸಂಭವವಿರಬಹುದಾದ’ ಕಾರಣಗಳ ಪಟ್ಟಿಗೆ ಸೇರಿಸಿದ್ದು ನಿಜ. ಅಲ್ಲಿಯ ಮುಖ್ಯ ಆಧಾರ ತಲೆಗೆ ಒತ್ತಿ ಹಿಡಿಯುವ ಮೊಬೈಲಿನದು. ಮೂಲೆಯ ರೂಟರಿನ ಶಕ್ತಿ ಸಾಮಾನ್ಯವಾಗಿ ವ್ಯಾಟಿನ ಹತ್ತನೆಯ ಒಂದಂಶದಷ್ಟು, ದೂರ ಹೆಚ್ಚಿದಂತೆ ಬೇಗನೆ ಕ್ಷೀಣಿಸುವಂಥದು.

ಹೊಸ ಮನೆ ಕಟ್ಟಿಸುವವರಿಗೆ ಈ ತೊಡಕೇ ಬರಬೇಕಾಗಿಲ್ಲ. ಗಿಲಾವು ಆಗುವ ಮುನ್ನ ಪಡಸಾಲೆಯಿಂದ ಓದುವ ಕೋಣೆಗೂ ಮೇಲಂತಸ್ತಿಗೂ ಒಂದೊಂದು ಬರಿದಾದ ಪೈಪನ್ನು ಗೋಡೆಯಲ್ಲಿ ಹುದುಗಿಸಿ, ಮುಂದೆ ಕೇಬಲ್ ಎಳೆಯುವುದಕ್ಕೆ ಅನುಕೂಲವಾಗುವಂತೆ ಒಂದು ತೆಳ್ಳನೆಯ ತಂತಿಯನ್ನು ಅದರೊಳಗೆ ಬಿಟ್ಟಿರುವಂತೆ ಮೇಸ್ತ್ರಿಗೆ ಹೇಳಿದರಾಯಿತು.