ಕರಿಬೇವಿನ ಕುಂಡದಿಂದ ಭೂಪಟಕ್ಕೆ

ಪುಣೆಯ ನಮ್ಮ ಬಾಲ್ಕನಿಯ ಕರಿಬೇವು ಅಮ್ಮ ಊರಿನಿಂದ ತಂದದ್ದು. ಕಳೆದ ಮಳೆಗಾಲದಲ್ಲಿ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದೇನೋ ಕಂಡಿತು. ಒರೆಸಲು ಹೋದರೆ ಅಲುಗಿತು! "ಒಗ್ಗರಣೆಗೆ ಒಂದೆಲೆ ಉಳಿಸಲ್ಲ, ಕಿತ್ತು ಬಿಸಾಕು" ಎಂದು ಅಮ್ಮ ಗದರಿದಳು. ನಾನು ಫೋಟೊ ತೆಗೆದು ಐನ್ಯಾಚುರಲಿಸ್ಟ್ ಆ್ಯಪಿಗೆ ಹಾಕಿದೆ. ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳು ಎಂದು ಯಾರೋ ಅಪರಿಚಿತರು ಗುರುತಿಸಿಕೊಟ್ಟರು.

ಎಲ್ಲೆಡೆ ಕಾಣುವ ಚಿಟ್ಟೆಯನ್ನು ದಾಖಲಿಸುವುದೇಕೆ? ಸಾಫ್ಟ್‌ವೇರ್‌ನಲ್ಲಿ 'ನಲ್' ಬೇರೆ, 'ಸೊನ್ನೆ' ಬೇರೆ. ಭೂಪಟದ ಖಾಲಿ ಜಾಗವೂ 'ನಲ್': ಅಲ್ಲಿ ಚಿಟ್ಟೆ ಇದೆಯೋ ಇಲ್ಲವೋ, ಯಾರೂ ನೋಡಿ ಬರೆದಿಲ್ಲ. ಒಂದು ಚುಕ್ಕೆಗೆ ಬೇಕಾದದ್ದು ಫೋಟೊ, ದಿನಾಂಕ, ಜಾಗ, ಜೊತೆಗೆ ಗುರುತಿಸುವವರ ಒಪ್ಪಿಗೆ. ಬೆಂಗಳೂರಿನ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆಯವರ ತಂಡದ 'ಬಟರ್‌ಫ್ಲೈಸ್ ಆಫ್ ಇಂಡಿಯಾ' ತಾಣವೂ ಜನಸಾಮಾನ್ಯರ ಚಿತ್ರಗಳನ್ನು ಪರಿಶೀಲಿಸಿ ಸೇರಿಸಿಕೊಳ್ಳುತ್ತದೆ.

ನಮ್ಮ ಸೊಸೈಟಿಯ ಹಿಂದೆ ಮೊದಲು ಗಿಡಗಂಟಿಗಳ ಬಯಲಿತ್ತು. ಮಹಾರಾಷ್ಟ್ರ 2015ರಲ್ಲಿ ರಾಜ್ಯ ಚಿಟ್ಟೆಯೆಂದು ಘೋಷಿಸಿದ ಬ್ಲೂ ಮಾರ್ಮನ್ ಅಲ್ಲಿ ಸುಳಿಯುತ್ತಿತ್ತು. 10 ವರ್ಷ ಕಿಟಕಿಯಿಂದ ನೋಡಿದೆ, ಒಮ್ಮೆಯೂ ದಾಖಲಿಸಲಿಲ್ಲ. ಈಗ ಅಲ್ಲಿ 12 ಮಹಡಿ ಎದ್ದಿದೆ. ಉಳಿಸಿ ಎಂದು ಕೇಳುವ ಮೊದಲು ಇತ್ತು ಎಂದು ತೋರಿಸಬೇಕಲ್ಲ? ನನ್ನ ಬಳಿ ನೆನಪಿದೆ, ಚುಕ್ಕೆಯಿಲ್ಲ.

ನೀವು ಹಾಗೆ ಮಾಡಬೇಡಿ. ಜುಲೈ ಕೊನೆಯ ಭಾಗದಲ್ಲಿ ಪತಂಗ ಸಪ್ತಾಹ ಬರುತ್ತದೆ. ರಾತ್ರಿ ಬಾಲ್ಕನಿಯಲ್ಲಿ ಬಿಳಿ ಪಂಚೆ ಕಟ್ಟಿ ದೀಪ ಹಾಕಿ. ಬಂದ ಪತಂಗಗಳ ಫೋಟೊ ತೆಗೆದ ಮೇಲೆ ದೀಪ ಆರಿಸಿ, ಅವು ಹೋಗಲಿ.

ಅಮ್ಮನೂ ಈಗ ರಾಜಿಯಾಗಿದ್ದಾಳೆ. ಮೇಲಿನ ಕೊಂಬೆ ಹುಳಕ್ಕೆ, ಕೆಳಗಿನದು ಸಾರಿಗೆ.