ನೌಕಾಧಿಕಾರಿಯ ಕಿರುಪದಕಗಳು

ಬ್ರಿಟಿಷ್ ನೌಕಾಸೇನೆಯ ಅಧಿಕಾರಿಗಳು ಧರಿಸುವ ಪದಕಗಳಿಗೆ ಸಾಮಾನ್ಯವಾಗಿ ಎರಡು ರೂಪಗಳುಂಟು. ಸರ್ಕಾರವು ದಯಪಾಲಿಸುವ ಪೂರ್ಣಪ್ರಮಾಣದ ದುಂಡುಪದಕದ ವ್ಯಾಸವು ಸುಮಾರು 36 ಮಿಲಿಮೀಟರು. ಅದರ ಅರ್ಧದಷ್ಟು ಅಳತೆಯ ಪ್ರತಿಕೃತಿಯೇ ಕಿರುಪದಕ. ಮೊದಲನೆಯದನ್ನು ವಿಧ್ಯುಕ್ತ ಸಮವಸ್ತ್ರದ ಮೇಲೆಯೂ ಎರಡನೆಯದನ್ನು ರಾತ್ರಿಯ ಭೋಜನಕೂಟದ ಉಡುಪಿನ ಮೇಲೆಯೂ ಧರಿಸುವುದು ವಾಡಿಕೆ.

ಹತ್ತೊಂಬತ್ತನೆಯ ಶತಮಾನದಿಂದ ಯುದ್ಧಪದಕಗಳ ಅಂಚಿನಲ್ಲಿ ಪಡೆದವನ ಹೆಸರನ್ನು ಮೂಡಿಸುವ ಪದ್ಧತಿಯು ಬಳಕೆಗೆ ಬಂದಿತು. 1793ರಿಂದ 1840ರವರೆಗಿನ ಕಡಲಕಾಳಗಗಳಿಗಾಗಿ 1847ರಲ್ಲಿ ಮಂಜೂರಾದ ನೇವಲ್ ಜನರಲ್ ಸರ್ವಿಸ್ ಪದಕವು ಇದಕ್ಕೆ ನಿದರ್ಶನ. ಕಿರುಪದಕಗಳನ್ನಾದರೋ ಅಧಿಕಾರಿಯು ತನ್ನ ಹಣದಿಂದಲೇ ಆಭರಣದ ವ್ಯಾಪಾರಿಯಿಂದಲೋ ಸಮವಸ್ತ್ರದ ದರ್ಜಿಯಿಂದಲೋ ಕೊಳ್ಳಬೇಕಾಗಿತ್ತು. ಆದುದರಿಂದ ಅವುಗಳ ಮೇಲೆ ಹೆಸರು ಕಾಣುವುದು ವಿರಳ. ಅಂಕಿತವೂ ಪುಷ್ಪಿಕೆಯೂ ಇಲ್ಲದ ಓಲೆಯ ಪ್ರತಿಯನ್ನು ಕುರಿತು ವಿದ್ವಾಂಸರು ವಿಚಾರಮಾಡುವಂತೆ, ಇಲ್ಲಿಯೂ ಅಂತಃಸಾಕ್ಷ್ಯದಿಂದಲೇ ಆರಂಭಿಸಬೇಕಾಗುವುದು.

ಒಂದೇ ಸಲಾಕೆಗೆ ಪೋಣಿಸಿದ ಪದಕಗಳ ಸಾಲೇ ಒಂದು ಚರಿತ್ರೆ. ಸಾಲಿನ ಮೊದಲಲ್ಲಿ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಕ್ರಾಸ್ ಇದ್ದು, ಅದರ ಮೇಲೆ ಐದನೆಯ ಜಾರ್ಜ್ ದೊರೆಯ ನಾಮಾಕ್ಷರಗಳಿವೆಯೆಂದು ಭಾವಿಸೋಣ. ಈ ಶಿಲುಬೆಯು 1901ರಲ್ಲಿ ಬೇರೆ ಹೆಸರಿನಿಂದ ಸ್ಥಾಪಿತವಾಗಿ, 1914ರ ಅಕ್ಟೋಬರಿನಲ್ಲಿ ಈ ಹೆಸರನ್ನು ಪಡೆಯಿತು. ಆಗ ಲೆಫ್ಟೆನೆಂಟ್ ಕಮಾಂಡರನಿಗಿಂತ ಕೆಳಗಿನ ಅಧಿಕಾರಿಗಳಿಗೆ ಮೀಸಲಾಗಿತ್ತು. ಆದುದರಿಂದ ಪಡೆದಾಗ ಅವನು ಕಿರಿಯ ಅಧಿಕಾರಿಯೆಂದು ತಿಳಿಯುವುದು. ಅನಂತರ 1914–15ರ ನಕ್ಷತ್ರಪದಕವಿದ್ದರೆ, 1915 ಮುಗಿಯುವುದರೊಳಗಾಗಿಯೇ ಅವನು ಯುದ್ಧಸೇವೆಗೆ ಇಳಿದಿದ್ದನೆಂದಾಯಿತು. ಕೊನೆಯಲ್ಲಿ ದೀರ್ಘಸೇವೆ ಮತ್ತು ಸದ್ವರ್ತನೆಯ ಪದಕವಿದ್ದರೆ, ಆ ಕಾಲದಲ್ಲಿ ಅದು ಸಾಮಾನ್ಯ ನಾವಿಕರಿಗೆ ಸಲ್ಲುತ್ತಿದ್ದುದರಿಂದ, ಅವನು ಕೆಳಗಿನ ದರ್ಜೆಯಿಂದ ಮೇಲೇರಿದವನೆಂದು ಊಹಿಸಬಹುದು. ಎಂಟು ಮೂಲೆಗಳ, ಬಿಳಿಯ ಪಟ್ಟಿಯ ಪೋಲಾರ್ ಪದಕವು ಜೊತೆಗಿದ್ದರೆ ಶೋಧನೆಯ ಕ್ಷೇತ್ರವು ಬಹಳ ಕಿರಿದಾಗುವುದು. ಧ್ರುವಪ್ರದೇಶದ ಯಾತ್ರೆಗಳಿಗೆ ಹೋದವರು ಕೆಲವರೇ.

ಇಷ್ಟಾದ ಮೇಲೆ ಬಹಿಃಸಾಕ್ಷ್ಯ. ಲಂಡನ್ ಗೆಜೆಟ್ಟಿನ ಪ್ರಕಟಣೆಗಳು, ನೇವಿ ಲಿಸ್ಟ್ ಎಂಬ ಅಧಿಕಾರಿಗಳ ಪಟ್ಟಿ, ಕ್ಯೂವಿನ ರಾಷ್ಟ್ರೀಯ ದಫ್ತರಖಾನೆಯಲ್ಲಿರುವ ಪದಕಪಟ್ಟಿಗಳು—ಇವುಗಳೊಡನೆ ಸಾಲನ್ನು ಹೋಲಿಸಿ ನೋಡಬೇಕು.

ಕಾಲಗಣನೆಯನ್ನು ಮರೆತರೆ ಪ್ರಮಾದವಾಗುವುದು. ಕಾದಂಬರಿಕಾರನೆಂದು ಪ್ರಸಿದ್ಧನಾದ ಕ್ಯಾಪ್ಟನ್ ಫ್ರೆಡೆರಿಕ್ ಮಾರಿಯಟ್ ಮೊದಲನೆಯ ಬರ್ಮಾ ಯುದ್ಧದಲ್ಲಿ (1824–26) ಹೋರಾಡಿದವನು. ಆ ಯುದ್ಧಕ್ಕೆ 'ಆವಾ' ಎಂಬ ಅಡ್ಡಪಟ್ಟಿಯೊಡನೆ ಆರ್ಮಿ ಆಫ್ ಇಂಡಿಯಾ ಪದಕವು ಮಂಜೂರಾದುದು 1851ರಲ್ಲಿ, ಅದೂ ಬದುಕುಳಿದವರಿಗೆ. ಮಾರಿಯಟ್ 1848ರಲ್ಲಿಯೇ ತೀರಿಕೊಂಡಿದ್ದನು. ಆ ಪದಕದ ಕಿರುಪ್ರತಿಯನ್ನು ಯಾರಾದರೂ ಅವನದೆಂದು ತೋರಿಸಿದರೆ ಅದು ನಿಲ್ಲುವ ಮಾತಲ್ಲ. ಪದಕವಿಲ್ಲದ ಮಾತ್ರಕ್ಕೆ ಸೇವೆಯೇ ಇರಲಿಲ್ಲವೆಂಬ ವಾದವೂ ನಿಲ್ಲದು.

ಆದರೂ ದಾಖಲೆಯೊಡನೆ ಹೊಂದಿಕೆಯಾದ ಮಾತ್ರಕ್ಕೆ ಸ್ವಾಮ್ಯವು ಸಿದ್ಧವಾಗಲಾರದು. ಬಿಡಿಪದಕಗಳು ಅಂಗಡಿಗಳಲ್ಲಿ ಸಿಕ್ಕುವುದರಿಂದ, ಯಾವ ಸಾಲನ್ನಾದರೂ ಹೊಸದಾಗಿ ಕಟ್ಟಬಹುದು. ಮೊದಲನೆಯ ಮಹಾಯುದ್ಧದ ಮೂರು ಸಾಮಾನ್ಯ ಪದಕಗಳನ್ನು ಪಡೆದವರಂತೂ ಅಸಂಖ್ಯಾತರು. ಅವುಗಳಿಂದ ವ್ಯಕ್ತಿನಿರ್ಣಯವು ಅಸಾಧ್ಯ. ಇಲ್ಲಿ ಪ್ರಮಾಣವಾಗುವುವು ಸಣ್ಣ ವಿಷಯಗಳೇ: ಪಟ್ಟಿಗಳೆಲ್ಲವೂ ಒಂದೇ ಪ್ರಾಯದ ರೇಷ್ಮೆಯೆ, ಹೊಲಿಗೆಯ ದಾರವು ಒಂದೆಯೆ, ಸವೆತವು ಸಮನಾಗಿದೆಯೆ, ಪೆಟ್ಟಿಗೆಯಲ್ಲಿ ವ್ಯಾಪಾರಿಯ ಹೆಸರಿದೆಯೆ, ಮನೆತನದವರ ಕಾಗದಗಳು ಜೊತೆಯಲ್ಲಿವೆಯೆ ಎಂಬುವು.

ಅಂದಗಾಣಿಸಬೇಕೆಂಬ ಆಸೆಯಿಂದ ಮಾಸಿದ ಪಟ್ಟಿಯನ್ನು ಕಿತ್ತು ಹೊಸದನ್ನು ಹಾಕುವ, ಬೆಲೆಯಾಸೆಯಿಂದ ಸಾಲನ್ನು ಒಡೆದು ಮಾರುವ ಸಂಗ್ರಾಹಕನು ಈ ಪ್ರಮಾಣಗಳನ್ನೇ ನಾಶಮಾಡುತ್ತಾನೆ. ಬಿಡಿಪದಕಗಳು ಉಳಿದಾವು, ಅವು ಯಾರ ಎದೆಯ ಮೇಲಿದ್ದುವೆಂಬುದು ಮಾತ್ರ ಮತ್ತೆ ತಿಳಿಯದು. ಆದುದರಿಂದ ದೊರೆತ ಸಾಲನ್ನು ದೊರೆತಂತೆಯೇ ಇರಿಸಿ, ಅದು ಯಾರ ಕೈಯಿಂದ ಯಾವ ದಿನ ಬಂದಿತೆಂಬುದನ್ನು ಬರೆದಿಡುವುದೇ ಸಂಗ್ರಾಹಕನ ಮೊದಲ ಕರ್ತವ್ಯ.