ಹಳೆಯ ಡಿಜಿಟಲ್ ರೇಂಜ್‌ಫೈಂಡರ್: ಒಂದೇ ಕ್ಯಾಮೆರಾ, ಎರಡು ಆಯುಷ್ಯ

ಕಲಘಟಗಿ ತಾಲ್ಲೂಕಿನ ತಂಬೂರಿನಲ್ಲಿರುವ ಬಸವಣ್ಣನ ಗುಡಿಯಂಥ ಹಳೆಯ ದೇವಾಲಯಗಳಲ್ಲಿ ಛಾಯಾಚಿತ್ರ ತೆಗೆಯುವುದು ಸುಲಭದ ಮಾತಲ್ಲ. ಹೊರಗೆ ಕಣ್ಣು ಕೋರೈಸುವ ಬಿಸಿಲು, ಒಳಗೆ ಕಲ್ಲುಕಂಬಗಳ ನಡುವೆ ಮಬ್ಬುಗತ್ತಲು. ಭಕ್ತರು ಕೈಮುಗಿದು ನಿಂತಿರುವಾಗ ಫ್ಲ್ಯಾಶ್ ಬೆಳಗಿಸುವುದು ಸಲ್ಲದು. ಉದ್ದನೆಯ ಲೆನ್ಸಿನ ದೊಡ್ಡ ಕ್ಯಾಮೆರಾವನ್ನು ಎದುರಿಗೆ ಹಿಡಿದರೆ ಜನ ತಮ್ಮ ಕೆಲಸ ಬಿಟ್ಟು ಕ್ಯಾಮೆರಾವನ್ನೇ ನೋಡತೊಡಗುತ್ತಾರೆ. ಜಾತ್ರೆ, ಸಂತೆ, ಗುಡಿಯ ಕಟ್ಟೆ ಮುಂತಾದೆಡೆ ಸದ್ದಿಲ್ಲದೆ ಚಿತ್ರ ತೆಗೆಯಬಯಸುವವರ ಗಮನ ಹಾಗಾಗಿ ರೇಂಜ್‌ಫೈಂಡರ್ ಎಂಬ ಪುಟ್ಟ ಕ್ಯಾಮೆರಾದತ್ತ ಹರಿಯುವುದು ಸಹಜ.

ಹೊಸ ಡಿಜಿಟಲ್ ರೇಂಜ್‌ಫೈಂಡರಿನ ಬೆಲೆ ಸಾಮಾನ್ಯರ ಕೈಗೆಟಕುವಂಥದ್ದಲ್ಲ. ಆದ್ದರಿಂದ 2004ರಿಂದ 2012ರವರೆಗೆ ಬಂದ ಮಾದರಿಗಳನ್ನು ಬಳಸಿದ ಸ್ಥಿತಿಯಲ್ಲಿ ಕೊಳ್ಳುವ ಆಸೆ ಹುಟ್ಟುತ್ತದೆ. ಆದರೆ ಹಣ ಎಣಿಸುವ ಮೊದಲು ಒಂದು ಸಂಗತಿಯನ್ನು ಸ್ಪಷ್ಟವಾಗಿ ತಿಳಿದಿರಬೇಕು. ಈ ಕ್ಯಾಮೆರಾದೊಳಗೆ ಎರಡು ಬಗೆಯ ಯಂತ್ರಗಳಿವೆ. ಒಂದು, ಹಲ್ಲುಚಕ್ರ, ಗಾಜು, ಸನ್ನೆಗಳಿಂದಾದದ್ದು; ಅದು ಅರ್ಧ ಶತಮಾನ ಬಾಳುತ್ತದೆ, ಕೆಟ್ಟರೆ ದುರಸ್ತಿಯಾಗುತ್ತದೆ. ಇನ್ನೊಂದು, ಬೆಳಕನ್ನು ಹಿಡಿಯುವ ಸೆನ್ಸರ್ ಮತ್ತು ಅದರ ವಿದ್ಯುನ್ಮಾನ ಫಲಕ. ಅದರ ಬಿಡಿಭಾಗ ಮುಗಿದ ದಿನ ಕ್ಯಾಮೆರಾದ ಆಯುಷ್ಯವೂ ಮುಗಿದಂತೆ. ಮಾರುವವರು ತೋರಿಸುವುದು ಹೊಳೆಯುವ ಮೊದಲನೆಯದನ್ನು, ಕೊಳ್ಳುವವರು ಪರೀಕ್ಷಿಸಬೇಕಾದದ್ದು ಎರಡನೆಯದನ್ನು.

ರೇಂಜ್‌ಫೈಂಡರ್ ಎಂದರೇನು?

ಹೆಬ್ಬೆರಳನ್ನು ಮುಂದೆ ಚಾಚಿ, ಒಂದು ಸಲ ಎಡಗಣ್ಣು, ಇನ್ನೊಂದು ಸಲ ಬಲಗಣ್ಣು ಮುಚ್ಚಿ ನೋಡಿದರೆ ಬೆರಳು ಜರುಗಿದಂತೆ ಕಾಣುತ್ತದೆ. ಬೆರಳು ಹತ್ತಿರವಿದ್ದಷ್ಟೂ ಜರುಗಾಟ ಹೆಚ್ಚು. ದೂರ ಅಳೆಯಲು ರೇಂಜ್‌ಫೈಂಡರ್ ಬಳಸುವುದು ಇದೇ ತತ್ತ್ವವನ್ನು. ಕ್ಯಾಮೆರಾದ ಮುಂಭಾಗದಲ್ಲಿ ತುಸು ಅಂತರದಲ್ಲಿ ಎರಡು ಕಿಂಡಿಗಳಿರುತ್ತವೆ. ಎರಡರಿಂದಲೂ ಬಂದ ಬಿಂಬಗಳು ನೋಟಕದ ನಡುವಿನ ಚಿಕ್ಕ ಚೌಕದಲ್ಲಿ ಒಂದರ ಮೇಲೊಂದು ಕಾಣಿಸುತ್ತವೆ. ಲೆನ್ಸನ್ನು ತಿರುಗಿಸುತ್ತ ಎರಡು ಬಿಂಬಗಳನ್ನು ಕೂಡಿಸಿದಾಗ ಫೋಕಸ್ ಸರಿಯಾಯಿತೆಂದು ಅರ್ಥ. ಕನ್ನಡಿಯಿಲ್ಲ, ಸ್ವಯಂಚಾಲಿತ ಫೋಕಸ್ ಇಲ್ಲ. ಲೆನ್ಸ್ ಏನನ್ನು ನೋಡುತ್ತಿದೆಯೋ ಅದು ಛಾಯಾಗ್ರಾಹಕರಿಗೆ ನೇರವಾಗಿ ಕಾಣುವುದೂ ಇಲ್ಲ. ಕಿಂಡಿಯಲ್ಲಿ ಮೂಡುವ ಗೆರೆಯ ಚೌಕಟ್ಟೇ ಚಿತ್ರದ ಅಂದಾಜು ಎಲ್ಲೆ.

ಜರ್ಮನಿಯ ಲೈಕಾ ಸಂಸ್ಥೆ 1932ರಲ್ಲಿ ಈ ವ್ಯವಸ್ಥೆಯನ್ನು ತನ್ನ ಕ್ಯಾಮೆರಾದೊಳಗೇ ಅಳವಡಿಸಿತು. 1954ರಲ್ಲಿ ಬಂದ ಲೈಕಾ ಎಂ3 ಮಾದರಿಯ ಲೆನ್ಸ್ ಜೋಡಣೆ ಇಂದಿಗೂ ಬದಲಾಗಿಲ್ಲ. ಎಪ್ಪತ್ತು ವರ್ಷ ಹಿಂದಿನ ಲೆನ್ಸು ಡಿಜಿಟಲ್ ಕ್ಯಾಮೆರಾಕ್ಕೂ ಕೂಡುತ್ತದೆಂಬುದು ಈ ವರ್ಗದ ದೊಡ್ಡ ಆಕರ್ಷಣೆ.

ಡಿಜಿಟಲ್ ರೂಪದಲ್ಲಿ ಮೊದಲು ಬಂದದ್ದು ಲೈಕಾ ಅಲ್ಲ, ಜಪಾನಿನ ಎಪ್ಸನ್. 2004ರ ಎಪ್ಸನ್ ಆರ್-ಡಿ1 ಕ್ಯಾಮೆರಾದ ಸೆನ್ಸರ್ 6.1 ಮೆಗಾಪಿಕ್ಸೆಲ್‌ನದು. ಪ್ರತಿ ಚಿತ್ರಕ್ಕೂ ಹಳೆಯ ಫಿಲ್ಮ್ ಕ್ಯಾಮೆರಾದಂತೆ ಸನ್ನೆಯೆಳೆದು ಶಟರನ್ನು ಸಜ್ಜುಗೊಳಿಸಬೇಕು. ಬ್ಯಾಟರಿ ಎಷ್ಟಿದೆ, ಇನ್ನೆಷ್ಟು ಚಿತ್ರಗಳಿಗೆ ಜಾಗವಿದೆ ಎಂಬುದನ್ನು ಮೇಲ್ಭಾಗದ ಗಡಿಯಾರದ ಮುಳ್ಳುಗಳು ತೋರಿಸುತ್ತವೆ. 2006ರಲ್ಲಿ 10.3 ಮೆಗಾಪಿಕ್ಸೆಲ್‌ನ ಲೈಕಾ ಎಂ8, 2009ರಲ್ಲಿ 18 ಮೆಗಾಪಿಕ್ಸೆಲ್‌ನ ಎಂ9 ಬಂದವು. ಬಿಡುಗಡೆಯ ಸಮಯದಲ್ಲಿ ಅಮೆರಿಕದಲ್ಲಿ ಎಂ8ಕ್ಕೆ 4,795 ಡಾಲರ್, ಎಂ9ಕ್ಕೆ 6,995 ಡಾಲರ್ ಬೆಲೆಯಿತ್ತು.

ಮೂರರಲ್ಲಿ ಎಂ9 ಮಾತ್ರ ಹಳೆಯ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಹೊಂದಿದೆ. ಉಳಿದೆರಡರ ಸೆನ್ಸರ್ ಚಿಕ್ಕದಾದ್ದರಿಂದ ನೋಟ ಕಿರಿದಾಗುತ್ತದೆ. 35 ಮಿ.ಮೀ. ಲೆನ್ಸು ಎಂ8ರಲ್ಲಿ ಸುಮಾರು 47 ಮಿ.ಮೀ.ನಂತೆ, ಎಪ್ಸನ್‌ನಲ್ಲಿ ಸುಮಾರು 53 ಮಿ.ಮೀ.ನಂತೆ ವರ್ತಿಸುತ್ತದೆ. ಇಕ್ಕಟ್ಟಾದ ಗುಡಿಯ ಅಂಗಳದಲ್ಲಿ ಹಿಂದೆ ಸರಿಯಲು ಜಾಗವಿಲ್ಲದವರಿಗೆ ಇದು ಸಣ್ಣ ವಿಷಯವಲ್ಲ. ಅಗಲ ನೋಟದ ಇನ್ನೊಂದು ಲೆನ್ಸಿನ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಮಾದರಿಗೊಂದು ವ್ಯಾಧಿ

ಎಂ9ರ ವ್ಯಾಧಿ ಎಲ್ಲಕ್ಕಿಂತ ಗಂಭೀರ. ಅದರ ಸೆನ್ಸರಿನ ಮೇಲಿನ ರಕ್ಷಕ ಗಾಜು ತೇವಾಂಶಕ್ಕೆ ಸಿಕ್ಕಿ ಕಾಲಕ್ರಮದಲ್ಲಿ ಸವೆಯುತ್ತದೆ. ಆಕಾಶದಂಥ ಬಯಲು ಭಾಗದ ಚಿತ್ರದಲ್ಲಿ ಸುತ್ತ ಪ್ರಭೆಯಿರುವ ಚುಕ್ಕೆಗಳು ಮೂಡುತ್ತವೆ. ಅದೇ ಕುಟುಂಬದ ಎಂ-ಇ ಹಾಗೂ ಮೊದಲ ಎಂ ಮೊನೊಕ್ರೋಮ್‌ಗಳಿಗೂ ಈ ದೋಷ ತಗಲುತ್ತದೆ. ಲೈಕಾ ಕೆಲವು ವರ್ಷ ಉಚಿತವಾಗಿ ಹೊಸ ಬಗೆಯ ಗಾಜಿನ ಸೆನ್ಸರ್ ಹಾಕಿಕೊಟ್ಟಿತು, 2017ರ ನಂತರ ಹಣ ಪಡೆದು ಬದಲಿಸಿತು, 2020ರಲ್ಲಿ ಆ ಸೆನ್ಸರ್‌ಗಳೇ ಮುಗಿದವೆಂದು ತಿಳಿಸಿತು. ವಿದೇಶದ ಕೆಲವು ಖಾಸಗಿ ಕಾರ್ಯಾಗಾರಗಳು ಗಾಜನ್ನು ಮಾತ್ರ ಬದಲಿಸಿಕೊಡುತ್ತವೆ. ಆದರೆ ಕಳುಹಿಸಿ ತರಿಸುವ ಖರ್ಚು, ಸುಂಕದ ತಾಪತ್ರಯ ಕೊಂಡವರ ತಲೆಗೇ ಬರುತ್ತದೆ.

ಈ ದೋಷವನ್ನು ಪತ್ತೆ ಹಚ್ಚುವ ಬಗೆ ಸರಳ. ಅಪರ್ಚರನ್ನು ಎಫ್ 16ಕ್ಕೆ ಇಳಿಸಿ, ಫೋಕಸ್ ಕೆಡಿಸಿ, ಬಿಳಿ ಗೋಡೆಯ ಅಥವಾ ತಿಳಿ ಆಕಾಶದ ಚಿತ್ರ ತೆಗೆದು ಕಂಪ್ಯೂಟರ್ ಪರದೆಯಲ್ಲಿ ಪೂರ್ಣ ಗಾತ್ರದಲ್ಲಿ ನೋಡಬೇಕು. ಧೂಳಿನ ಕಣವಾದರೆ ಸ್ವಚ್ಛಗೊಳಿಸಿದ ಮೇಲೆ ಮಾಯವಾಗುತ್ತದೆ ಅಥವಾ ಜಾಗ ಬದಲಿಸುತ್ತದೆ. ಗಾಜಿನ ಸವೆತ ಇದ್ದಲ್ಲೇ ಇರುತ್ತದೆ. ಕ್ಯಾಮೆರಾದ ಹಿಂದಿನ ಚಿಕ್ಕ ಪರದೆಯಲ್ಲಿ ನೋಡಿ ತೃಪ್ತರಾಗುವುದು ತರವಲ್ಲ. ಸೆನ್ಸರ್ ಬದಲಾಗಿದೆ ಎಂದು ಮಾರಾಟಗಾರರು ಹೇಳಿದರೆ ದುರಸ್ತಿಯ ಕಾಗದವನ್ನು ಕೇಳಲೇಬೇಕು. ಕಾಗದವಿಲ್ಲದ ಮಾತಿಗೆ ಬೆಲೆ ಕಟ್ಟಬೇಕಾಗಿಲ್ಲ.

ಎಂ8ರ ತೊಂದರೆ ಬೇರೆ ತೆರನದು. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಅದರ ಸೆನ್ಸರ್ ಸಾಕಷ್ಟು ತಡೆಯುವುದಿಲ್ಲ. ಕೃತಕ ನೂಲಿನ ಕಪ್ಪು ಬಟ್ಟೆ ಚಿತ್ರದಲ್ಲಿ ನೇರಳೆಗೆ ತಿರುಗುತ್ತದೆ, ಹಸಿರೆಲೆಗಳು ಹಳದಿ ಬೆರೆತಂತೆ ಕಾಣುತ್ತವೆ. ಕಲಘಟಗಿ ಸೀಮೆಯ ಮಳೆಗಾಲದ ಹಸಿರನ್ನು ಹಾಗೆ ಕಂಡವರು ಕ್ಯಾಮೆರಾವನ್ನೇ ದೂರುತ್ತಾರೆ. ಇದಕ್ಕೆ ಪರಿಹಾರವಾಗಿ ಪ್ರತಿ ಲೆನ್ಸಿನ ಮುಂದೂ ಅವಕೆಂಪು ತಡೆಯುವ ಫಿಲ್ಟರ್ ಹಾಕಬೇಕು. ಮೊದಲ ಗ್ರಾಹಕರಿಗೆ ಲೈಕಾ ಅಂಥ ಎರಡು ಫಿಲ್ಟರ್‌ಗಳನ್ನು ಉಚಿತವಾಗಿ ನೀಡಿತ್ತು. ಅವು ಕ್ಯಾಮೆರಾದ ಜತೆ ಬರುತ್ತವೆಯೇ ಎಂದು ಕೇಳುವುದು ಜಾಣತನ. ಕಪ್ಪು-ಬಿಳುಪು ಚಿತ್ರಗಳನ್ನಷ್ಟೇ ತೆಗೆಯುವವರಿಗೆ ಈ ದೋಷ ಅಷ್ಟಾಗಿ ಬಾಧಿಸದು. ಅವಕೆಂಪು ಛಾಯಾಗ್ರಹಣದ ಹವ್ಯಾಸಿಗಳಂತೂ ಇದೇ ಕಾರಣಕ್ಕೆ ಎಂ8 ಹುಡುಕುತ್ತಾರೆ! ಹಿಂದಿನ ಪರದೆಯ ಅಂಚಿನಲ್ಲಿ ಕಾಫಿ ಚೆಲ್ಲಿದಂಥ ಕಲೆ ಮೂಡುವುದು ಎಂ8ರ ಇನ್ನೊಂದು ಪ್ರಸಿದ್ಧ ಲಕ್ಷಣ. ಅದು ಚಿತ್ರಕ್ಕೆ ಹಾನಿ ಮಾಡದಿದ್ದರೂ ಬೆಲೆ ಇಳಿಸಲು ನ್ಯಾಯವಾದ ಕಾರಣ.

ಎಪ್ಸನ್‌ನಲ್ಲಿ ಎರಡು ಬಿಂಬಗಳ ಹೊಂದಾಣಿಕೆಯೇ ಆಗಾಗ ತಪ್ಪುತ್ತದೆ. ಅದನ್ನು ನುರಿತವರು ಸರಿಪಡಿಸಬಲ್ಲರು; ಸೆನ್ಸರ್ ಇಲ್ಲವೇ ವಿದ್ಯುತ್ ಫಲಕ ಕೆಟ್ಟರೆ ಮಾತ್ರ ಕ್ಯಾಮೆರಾ ಕಪಾಟಿನ ಅಲಂಕಾರವಾಗುತ್ತದೆ.

ಹೊಂದಾಣಿಕೆಯ ಪರೀಕ್ಷೆಯನ್ನು ಯಾವ ಮಾದರಿಗೂ ತಪ್ಪಿಸಬಾರದು. ಲೆನ್ಸನ್ನು ಅನಂತ ದೂರಕ್ಕೆ ತಿರುಗಿಸಿ, ಕಿಲೋಮೀಟರಿನಾಚೆಯ ಮೊಬೈಲ್ ಗೋಪುರವನ್ನೋ ರಾತ್ರಿಯಲ್ಲಾದರೆ ಚಂದ್ರನನ್ನೋ ನೋಡಬೇಕು. ಎರಡು ಬಿಂಬಗಳು ಅಡ್ಡಕ್ಕೂ ಉದ್ದಕ್ಕೂ ಒಂದಾಗಬೇಕು. ಅನಂತರ ಒಂದು ಮೀಟರ್ ದೂರದಲ್ಲಿ ಅಳತೆಪಟ್ಟಿಯನ್ನು ಓರೆಯಾಗಿಟ್ಟು, ಅಪರ್ಚರ್ ಪೂರ್ತಿ ತೆರೆದು, ನಿರ್ದಿಷ್ಟ ಅಂಕಿಗೆ ಫೋಕಸ್ ಮಾಡಿ ಚಿತ್ರ ತೆಗೆಯಬೇಕು. ಎಂ9ರಲ್ಲಿ 50 ಮಿ.ಮೀ. ಲೆನ್ಸನ್ನು ಎಫ್ 1.4ಕ್ಕೆ ತೆರೆದಾಗ ಆ ದೂರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಮೂರು ಸೆಂಟಿಮೀಟರ್ ಮಾತ್ರ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಣ್ಣಿನ ಬದಲು ಕಿವಿ ಸ್ಪಷ್ಟವಾಗುತ್ತದೆ.

ಬ್ಯಾಟರಿ ಮತ್ತು ಮೆಮೊರಿ ಕಾರ್ಡ್ ಕ್ಷುಲ್ಲಕವೆನಿಸಬಹುದು. ಆದರೆ ಎಪ್ಸನ್ ಆರ್-ಡಿ1 ಎರಡು ಜಿಬಿಗಿಂತ ದೊಡ್ಡ ಕಾರ್ಡನ್ನು ಗುರುತಿಸದು, ಅಷ್ಟು ಚಿಕ್ಕ ಕಾರ್ಡು ಇಂದಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗದು. ಎಂ8ರಲ್ಲಿ ಹೊಸ ತಂತ್ರಾಂಶ ಹಾಕಿದ್ದರೆ 32 ಜಿಬಿಯವರೆಗಿನ ಕಾರ್ಡು ನಡೆಯುತ್ತದೆ. ಮೂಲ ಬ್ಯಾಟರಿಗಳೂ ಹಳತಾಗಿವೆ. ಬೇರೆ ತಯಾರಕರ ಬ್ಯಾಟರಿ ಹಾಕಿ ಕನಿಷ್ಠ ನೂರು ಚಿತ್ರ ತೆಗೆದು ನೋಡಿದ ಮೇಲೆಯೇ ವ್ಯವಹಾರ ಮುಗಿಸುವುದು ಒಳಿತು. ಜಪಾನ್ ಅಥವಾ ಜರ್ಮನಿಯಿಂದ ನೇರವಾಗಿ ತರಿಸುವವರು ಅಲ್ಲಿನ ಬೆಲೆಯನ್ನೇ ಅಂತಿಮವೆಂದು ಭಾವಿಸಬಾರದು. ಸುಂಕ ಮತ್ತು ತೆರಿಗೆಯ ಜತೆಗೆ, ಬಳಸಿದ ವಸ್ತುಗಳ ಆಮದಿಗೆ ನಿರ್ಬಂಧಗಳೂ ಇವೆ. ಹಣ ಕಳುಹಿಸುವ ಮೊದಲೇ ಈ ಬಗ್ಗೆ ವಿಚಾರಿಸಬೇಕು. ದೇಶದೊಳಗೇ, ಕೈಯಲ್ಲಿ ಹಿಡಿದು ನೋಡಿ ಕೊಳ್ಳಲು ಸಾಧ್ಯವಿದ್ದರೆ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಲೆನ್ಸಿನ ವಿಷಯದಲ್ಲಿ ಚಿಂತೆ ಕಡಿಮೆ. ಲೈಕಾ ಲೆನ್ಸೇ ಬೇಕೆಂದಿಲ್ಲ. ಜಪಾನಿನ ಕೊಸಿನಾ ಸಂಸ್ಥೆ ವಾಯ್ಟ್‌ಲೆಂಡರ್ ಹೆಸರಿನಲ್ಲಿ ತಯಾರಿಸುವ ಲೆನ್ಸುಗಳಿವೆ. ಹಳೆಯ ತಿರುಪು ಜೋಡಣೆಯ ಕೆನಾನ್ ಮತ್ತು ಸೋವಿಯತ್ ಕಾಲದ ಜುಪಿಟರ್ ಲೆನ್ಸುಗಳನ್ನು ಚಿಕ್ಕದೊಂದು ಅಡಾಪ್ಟರ್ ಮೂಲಕ ಕೂಡಿಸಬಹುದು. ಸೋವಿಯತ್ ಲೆನ್ಸುಗಳಲ್ಲಿ ಕೆಲವು ಹತ್ತಿರದ ಫೋಕಸ್‌ನಲ್ಲಿ ಲೈಕಾದ ಅಳತೆಗೆ ಹೊಂದುವುದಿಲ್ಲವಾದ್ದರಿಂದ ಮೇಲೆ ಹೇಳಿದ ಪಟ್ಟಿಯ ಪರೀಕ್ಷೆ ಅವುಗಳಿಗೂ ಅಗತ್ಯ.

ಬಳಕೆಯಲ್ಲಿ

ಧಾರವಾಡ ಸೀಮೆಯ ಗುಡಿಗಳಿಗೂ ಕ್ಯಾಮೆರಾಕ್ಕೂ ನಂಟು ಹಳೆಯದು. ಬಿಗ್ಸ್, ಪಿಗೌ, ನೀಲ್ ಎಂಬ ಬ್ರಿಟಿಷ್ ಅಧಿಕಾರಿಗಳು ತೆಗೆದ ಧಾರವಾಡ-ಮೈಸೂರು ಸೀಮೆಯ ವಾಸ್ತುಶಿಲ್ಪದ ಛಾಯಾಚಿತ್ರಗಳು, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಬರಹದೊಂದಿಗೆ 1866ರಲ್ಲಿ ಲಂಡನ್ನಿನಲ್ಲಿ ಗ್ರಂಥವಾಗಿ ಪ್ರಕಟವಾದವು. ಅವರ ದಾರಿಯಲ್ಲೇ ಸಾಗಿ ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಕೆತ್ತನೆಗಳನ್ನು ದಾಖಲಿಸಬೇಕೆಂಬವರಿಗೆ ರೇಂಜ್‌ಫೈಂಡರ್ ತಕ್ಕ ಸಾಧನವಲ್ಲ ಎಂದು ಹೇಳಲೇಬೇಕು. ಸುಮಾರು 70 ಸೆಂಟಿಮೀಟರಿಗಿಂತ ಹತ್ತಿರ ಅದು ಫೋಕಸ್ ಮಾಡದು. ನೋಟದ ಚೌಕಟ್ಟು ಅಂದಾಜಿನದಾದ್ದರಿಂದ ಅಂಚುಗಳು ಕರಾರುವಾಕ್ಕಾಗಿ ಬರುವುದಿಲ್ಲ. ಶಿಲ್ಪ, ಶಾಸನಗಳಿಗೆ ಸಾಧಾರಣ ಬೆಲೆಯ ಬೇರಾವುದೇ ಕ್ಯಾಮೆರಾ ಮತ್ತು ಮುಕ್ಕಾಲಿ ಸಾಕು. ಗುಡಿಯ ಸುತ್ತಲಿನ ಜನಜೀವನವೇ ರೇಂಜ್‌ಫೈಂಡರಿನ ಕ್ಷೇತ್ರ. ಕಲಘಟಗಿಯ ಬಣ್ಣದ ತೊಟ್ಟಿಲು ಕಟ್ಟುವವರು, ನವಲಗುಂದದ ಜಮಖಾನೆಯ ಮಗ್ಗದ ಮುಂದೆ ಕುಳಿತವರು, ತೇರಿನ ಹಗ್ಗ ಹಿಡಿದವರು ಅದರ ಮುಂದೆ ಬೆದರುವುದಿಲ್ಲ.

ಇಂಥಲ್ಲಿ ಪ್ರತಿ ಸಲವೂ ಬಿಂಬ ಕೂಡಿಸುತ್ತ ಕೂರಬೇಕಾಗಿಲ್ಲ. ಎಂ9ಕ್ಕೆ 35 ಮಿ.ಮೀ. ಲೆನ್ಸ್ ಹಾಕಿ, ಅಪರ್ಚರ್ ಎಫ್ 8, ದೂರ ಮೂರು ಮೀಟರ್ ಎಂದು ಇಟ್ಟುಕೊಂಡರೆ ಸುಮಾರು ಎರಡರಿಂದ ಏಳು ಮೀಟರಿನವರೆಗಿನ ಎಲ್ಲವೂ ಸ್ಪಷ್ಟವಾಗಿರುತ್ತದೆ. ಕಣ್ಣಿಗೆ ಹಿಡಿದು ಗುಂಡಿ ಒತ್ತುವುದಷ್ಟೇ ಕೆಲಸ. ನೋಟಕದಲ್ಲಿ ಚೌಕಟ್ಟಿನ ಹೊರಗಿನದೂ ಕಾಣುವುದರಿಂದ ಯಾರು ಒಳಗೆ ಬರುತ್ತಿದ್ದಾರೆಂದು ಮೊದಲೇ ತಿಳಿಯುತ್ತದೆ.

ಬಿಳಿ ಧೋತರ, ಸುಣ್ಣ ಬಳಿದ ಗೋಡೆಗಳಿಗೆ ಮಧ್ಯಾಹ್ನದ ಬಿಸಿಲು ಬಿದ್ದಾಗ ಈ ಹಳೆಯ ಸೆನ್ಸರ್‌ಗಳು ಬಿಳಿಯ ವಿವರಗಳನ್ನು ಬೇಗನೆ ಕಳೆದುಕೊಳ್ಳುತ್ತವೆ. ಬೆಳಕನ್ನು ಅರ್ಧದಿಂದ ಒಂದು ಹಂತ ಕಡಿಮೆ ಮಾಡಿ ತೆಗೆದು, ನೆರಳನ್ನು ನಂತರ ಕಂಪ್ಯೂಟರಿನಲ್ಲಿ ಮೇಲೆತ್ತುವುದು ವಾಸಿ. ಕತ್ತಲಲ್ಲಿ ಐಎಸ್‌ಒ 640 ದಾಟಿದರೆ ಚಿತ್ರದಲ್ಲಿ ಕಾಳುಕಾಳು ಹೆಚ್ಚುತ್ತದೆ. ಇಂದಿನ ಮೊಬೈಲ್ ಫೋನುಗಳು ಕತ್ತಲಲ್ಲಿ ಇವುಗಳಿಗಿಂತ ಚೊಕ್ಕ ಚಿತ್ರ ತೆಗೆಯುತ್ತವೆಂಬುದನ್ನು ಒಪ್ಪಬೇಕು. ಕನ್ನಡಿಯ ಬಡಿತವಿಲ್ಲದ ಕಾರಣ ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ನಿಧಾನದ ಶಟರಿನಲ್ಲೂ ಉಸಿರು ಬಿಗಿಹಿಡಿದು ಚಿತ್ರ ತೆಗೆಯಬಹುದೆಂಬುದು ಇದಕ್ಕೆ ಸಿಗುವ ಪರಿಹಾರ. ಶಟರಿನ ಸದ್ದಿನ ಬಗ್ಗೆ ಇರುವ ಪ್ರತೀತಿ ಮಾತ್ರ ಪೂರ್ತಿ ನಿಜವಲ್ಲ. ಎಂ8ರಲ್ಲಿ ಪ್ರತಿ ಚಿತ್ರದ ನಂತರ ಮೋಟಾರಿನ ಗುರ್ರೆನ್ನುವ ದನಿ ಕೇಳುತ್ತದೆ. ಸವಾಯಿ ಗಂಧರ್ವರ ಊರಾದ ಕುಂದಗೋಳದ ಸಂಗೀತ ಕಛೇರಿಯಲ್ಲಿ ವಿಲಂಬಿತದ ಆಲಾಪ ನಡೆಯುವಾಗ ಅದು ಯಾರಿಗೂ ಹಿತವೆನಿಸದು.

ಮದುವೆ ಮನೆಯ ಗಳಿಕೆ ನೆಚ್ಚಿಕೊಂಡವರು, ಕಬಡ್ಡಿ, ಪಕ್ಷಿ ಮುಂತಾದ ಚಿತ್ರಗಳನ್ನು ತೆಗೆಯುವವರು ಇದರ ಸಹವಾಸಕ್ಕೆ ಹೋಗದಿರುವುದೇ ಮೇಲು. ಒಂದೇ ಕ್ಯಾಮೆರಾ ಕೊಳ್ಳುವಷ್ಟು ಹಣವಿದ್ದವರ ಮಟ್ಟಿಗೂ ಇದೇ ಮಾತು. ಅಂಥವರು ಕನ್ನಡಿರಹಿತ ಬಳಸಿದ ಕ್ಯಾಮೆರಾ ಕೊಂಡು, ಅಡಾಪ್ಟರ್ ಮೂಲಕ ಹಳೆಯ ಲೆನ್ಸು ಹಾಕಿಕೊಂಡರೆ ಸವಿಯ ಬಹುಪಾಲು ಸಿಗುತ್ತದೆ. ಎರಡನೆಯ ಕ್ಯಾಮೆರಾವಾಗಿ ಕೊಳ್ಳುವವರು ಸೆನ್ಸರ್ ಬದಲಾದ ದಾಖಲೆಯಿರುವ ಎಂ9 ಹುಡುಕಬಹುದು. ಹಣ ಇನ್ನಷ್ಟು ಕೂಡಿಬಂದರೆ 2012ರಲ್ಲಿ ಪ್ರಕಟವಾದ 24 ಮೆಗಾಪಿಕ್ಸೆಲ್‌ನ ಲೈಕಾ ಎಂ 240 ಹೆಚ್ಚು ನಂಬಿಕೆಗೆ ಅರ್ಹ. ಅದರ ಸೆನ್ಸರ್ ಬೇರೆ ಬಗೆಯದಾದ್ದರಿಂದ ಗಾಜು ಸವೆಯುವ ಆ ವ್ಯಾಧಿ ಅದಕ್ಕಿಲ್ಲ.

ಕೊಂಡ ಮೇಲೆ ಆರೈಕೆ ಊರಿನ ಹವೆಯನ್ನು ಅವಲಂಬಿಸಿದೆ. ನವಲಗುಂದ, ಅಣ್ಣಿಗೇರಿಯ ಎರೆಭೂಮಿಯ ಬೇಸಿಗೆಯ ಧೂಳಿನಲ್ಲಿ ಹೊರಗೆ ಲೆನ್ಸ್ ಬದಲಿಸಬಾರದು. ತಂಬೂರು, ಕಲಘಟಗಿಯ ಅರೆಮಲೆನಾಡಿನಲ್ಲಿ ಶತ್ರು ಧೂಳಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ. ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಲೆನ್ಸಿಗೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿದೀತು. ಎಂ9ರ ಗಾಜಿಗಂತೂ ತೇವವೇ ವೈರಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಕ್ಯಾಮೆರಾವನ್ನಿಟ್ಟು, ಪೊಟ್ಟಣದ ಹರಳುಗಳ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕುತ್ತಿರಬೇಕು. ಬ್ಯಾಟರಿಯನ್ನು ತೆಗೆದಿಡಬೇಕು. ಹದಿನೈದು ದಿನಕ್ಕೊಮ್ಮೆ ಹೊರತೆಗೆದು, ಎಲ್ಲ ವೇಗಗಳಲ್ಲೂ ಶಟರ್ ಓಡಿಸಿ, ಹತ್ತಿಪ್ಪತ್ತು ಚಿತ್ರ ತೆಗೆದು ಮತ್ತೆ ಒಳಗಿಡಬೇಕು.